ಯಕ್ಷಗಾನ ಗ್ರೂಪಿನಲ್ಲಿ ಕಾಲಮಿತಿ ಆಟ ಒಳ್ಳೆಯದು ಅನ್ನಬಾರದಾ?

ಬಿಜೈಯವ:
ನಮ್ಮ ಯಕ್ಷಗಾನ ವಾಟ್ಸಾಪ್ ಗ್ರೂಪಿನಲ್ಲಿ ಬರೆದು ಹಾಕಿದ ನಿಯಮ ಎರಡೇ: ರಾಜಕೀಯ ಬೇಡ, ಗುಡ್ ಮಾರ್ನಿಂಗ್ ಬೇಡ. ಬರೆಯದ್ದು ಬೇರೆ ಉಂಟು. ಇಡೀ ರಾತ್ರಿಯ ಆಟವೇ ಆಟ, ಕೆಲವೇ ಗಂಟೆಗಳಲ್ಲಿ ಮುಗಿಸುವ ಕಾಲಮಿತಿ ಆಟ ಅಂದ್ರೆ ಮೂಗು ಮುರಿಯಬೇಕು. ಬೆಳಗ್ಗೆ ಡ್ಯೂಟಿಗೆ ಹೋಗುವವರಿಗೆ ಕಾಲಮಿತಿಯೇ ಅನುಕೂಲ, ಮಕ್ಕಳೂ ಮಂಗಳದವರೆಗೆ ಕೂತು ನೋಡ್ತಾರೆ ಅಂತ ಮೊನ್ನೆ ಹಾಕಿದೆ. ಯಾರದ್ದೂ ಮಾತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹಿರಿಯರೊಬ್ಬರು "ಈಗಿನವರಿಗೆ ತಾಳ್ಮೆ ಇಲ್ಲ" ಅಂದರು, ಅದಕ್ಕೆ ಸಾಲಾಗಿ ಕೈಮುಗಿಯುವ ಇಮೋಜಿ. ತಮಾಷೆ ಎಂಥದ್ದಂದ್ರೆ, ಹಾಗೆ ಕೈಮುಗಿದವರಲ್ಲೇ ಇಬ್ಬರು ನನಗೆ ಪರ್ಸನಲ್ ಆಗಿ "ನೀವು ಹೇಳಿದ್ದು ಸರಿ ಮಾರಾಯ್ರೆ, ಅಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ" ಅಂತ ಕಳಿಸಿದರು. ಇರುವುದಾ, ಬಿಡುವುದಾ?

ಮಣಿಪಾಲ್ ಬಸ್:
ಇದು ಹೊಸತಲ್ಲ. ಅಮೆರಿಕದಲ್ಲಿ ಸಾಲೊಮನ್ ಆಶ್ ಅನ್ನುವ ಮನಃಶಾಸ್ತ್ರಜ್ಞ 1950ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಒಂದು ಗೆರೆ ತೋರಿಸಿ, ಅಷ್ಟೇ ಉದ್ದದ್ದು ಈ ಮೂರರಲ್ಲಿ ಯಾವುದು ಅಂತ ಕೇಳುವುದು. ಉತ್ತರ ಕಣ್ಣಿಗೇ ಕಾಣುತ್ತದೆ. ಆದರೆ ಕೋಣೆಯಲ್ಲಿದ್ದ ಬೇರೆಯವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಹೇಳಿದಾಗ, ಪಾಪದ ಆ ಒಬ್ಬ ಹೆಚ್ಚುಕಡಿಮೆ ಮೂರಕ್ಕೊಂದು ಸಲ ಅದೇ ತಪ್ಪು ಹೇಳಿದ. ಜೊತೆಗೆ ಒಬ್ಬನೇ ಒಬ್ಬ ಸರಿ ಹೇಳುವವನು ಸಿಕ್ಕಿದರೂ ಧೈರ್ಯ ಬರ್ತಿತ್ತು. ನಿಮಗೆ ಇಬ್ಬರು ಇದ್ದಾರಲ್ವಾ, ಒಬ್ಬರಿಗಾದರೂ ಗ್ರೂಪಿನಲ್ಲೇ ಬರೀಲಿಕ್ಕೆ ಹೇಳಿ.

ಕುಂದಾಪುರ ಕಡೆಯವ:
ಹಿರಿಯರದ್ದೂ ಪೂರ್ತಿ ತಪ್ಪಲ್ಲ. ಕಾಲಮಿತಿಗೆ ಆಟ ಕತ್ತರಿಸುವಾಗ ಮೊದಲು ಹೋಗುವುದು ಪೂರ್ವರಂಗ, ಅಂದ್ರೆ ಕಥೆಗೆ ಮುಂಚಿನ ಪೂಜೆ-ಕುಣಿತದ ಭಾಗ, ಆಮೇಲೆ ಅರ್ಥಗಾರಿಕೆ, ಅಂದ್ರೆ ಪಾತ್ರಗಳ ಮಾತುಗಾರಿಕೆ. ಆ ಸಂಕಟ ಅವರಿಗೆ ಉಂಟು. ಅದನ್ನೇ ಬಾಯಿಬಿಟ್ಟು ಹೇಳಿದ್ದರೆ ಚರ್ಚೆ ಆಗ್ತಿತ್ತು, ತಾಳ್ಮೆ ಇಲ್ಲ ಅಂದು ಬಾಯಿ ಮುಚ್ಚಿಸಿದ್ದು ಸರಿ ಅಲ್ಲ. ನೀವು ಬೇಕಾದರೆ ನಮ್ಮ ಬಡಗಿನ, ಅಂದ್ರೆ ಉತ್ತರದ ಶೈಲಿಯವರ ಗ್ರೂಪಿಗೆ ಬಂದು ತೆಂಕಿನ, ಅಂದ್ರೆ ದಕ್ಷಿಣದ ಶೈಲಿಯ ಚೆಂಡೆಯೇ ಮೇಲು ಅಂತ ಬರೆದು ನೋಡಿ, ಆಮೇಲೆ ನಿಮ್ಮದು ಸ್ವರ್ಗ ಅನಿಸ್ತದೆ.

ಸುರತ್ಕಲ್ 24:
ಸುಮ್ನೆ ಬಿಟ್ಟು ಬನ್ನಿ. 2022ರಿಂದ ಹೊರಗೆ ಬಂದರೆ ಸೂಚನೆ ಹೋಗುವುದು ಅಡ್ಮಿನ್‌ಗೆ ಮಾತ್ರ. ಆದ್ರೆ ಹೊರಗೆ ಹೋದವರ ಪಟ್ಟಿ 60 ದಿನ ಎಲ್ಲರಿಗೂ ಕಾಣುತ್ತದೆ ಆಯ್ತಾ, ಹುಡುಕುವವರು ಹುಡುಕಿಯೇ ಹುಡುಕ್ತಾರೆ.

ಬಿಜೈಯವ:
@ಮಣಿಪಾಲ್ ಬಸ್, ಆ ಇಬ್ಬರಲ್ಲಿ ಒಬ್ಬರಿಗೆ ಕೇಳಿದೆ. "ಬರೀತೇನೆ, ಮಗಳ ಮದುವೆ ಒಂದು ಮುಗಿಯಲಿ, ಇಡೀ ಗ್ರೂಪಿಗೆ ಕಾಗದ ಕೊಟ್ಟಾಗಿದೆ" ಅಂದರು.