ಸಹಾಯ ಬೇಕು: ಮಲ್ಲಿಗೆ ಕುಂಡದಲ್ಲಿ ಪಿಕಳಾರದ ಗೂಡು, ನೀರು ಹಾಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ, ಎರಡನೇ ಮಹಡಿ. ಬಾಲ್ಕನಿಯಲ್ಲಿ 14 ಕುಂಡ ಇವೆ. ದಾಸವಾಳಕ್ಕೆ ಸೂರಕ್ಕಿ ದಿನಾ ಬಂದು ಹೋಗುತ್ತದೆ, ಅದರದ್ದೇನೂ ತಕರಾರಿಲ್ಲ.

ಈಗ ದುಂಡು ಮಲ್ಲಿಗೆಯ ಗಿಡದೊಳಗೆ ಪಿಕಳಾರ ಗೂಡು ಕಟ್ಟಿದೆ. ಕಪ್ಪು ತಲೆ, ಬಾಲದ ಬುಡದಲ್ಲಿ ಕೆಂಪು, ಅದೇ ಹಕ್ಕಿ. ಸಣ್ಣ ಬಟ್ಟಲಿನಂಥ ಗೂಡು. ಒಣ ಕಡ್ಡಿ, ಬೇರಿನ ಎಳೆ, ಜೊತೆಗೆ ನಮ್ಮ ಪೊರಕೆಯ ಎರಡು ಕಡ್ಡಿ! ಒಳಗೆ ಮೂರು ಮೊಟ್ಟೆ, ತಿಳಿ ಗುಲಾಬಿ ಬಣ್ಣದ ಮೇಲೆ ಕೆಂಗಂದು ಚುಕ್ಕೆ.

ತೊಂದರೆ ಏನೆಂದರೆ, ಬಿಸಿಲು 40 ಡಿಗ್ರಿ ದಾಟಿದೆ. ನಾನು ಚೊಂಬು ಹಿಡಿದು ಹೋದರೆ ಸಾಕು, ಹಕ್ಕಿ ಹಾರಿ ಎದುರಿನ ಕೇಬಲ್ ಮೇಲೆ ಕೂತು ಬೈಯುತ್ತದೆ. ಮೊನ್ನೆಯಿಂದ ನೀರೇ ಹಾಕಿಲ್ಲ. ಎಲೆ ಉದುರಿದರೆ ಗೂಡಿನ ನೆರಳೂ ಹೋಗುತ್ತದೆ ಅಲ್ವಾ? ಮರಿಯಾಗಲು ಸುಮಾರು ಎರಡು ವಾರ, ಹಾರಲು ಮತ್ತೆ ಅಷ್ಟೇ ಬೇಕು. ಅಲ್ಲಿವರೆಗೆ ಗಿಡ ಉಳಿಯಬೇಕಲ್ಲ.

ಬಾಟಲಿಗೆ ತೂತು ಮಾಡಿ ಬುಡಕ್ಕೆ ಹನಿ ನೀರು ಬಿಡೋಣ ಅಂದುಕೊಂಡಿದ್ದೇನೆ. ಯಾರಾದರೂ ಹೀಗೆ ಮಾಡಿದ್ದೀರಾ? ಹಸಿರು ನೆರಳು ಬಲೆ ಕಟ್ಟಿದರೆ ಹಕ್ಕಿ ಹೆದರಿ ಗೂಡು ಬಿಡುತ್ತದಾ? ಕುಂಡ ಎತ್ತಿ ಒಳಗಿಡು ಅಂತಾರೆ ಅತ್ತೆ. ಅದಂತೂ ನಾನು ಮಾಡಲ್ಲ.