ಸಣ್ಣ ಬೈಕಿಂದ 350ಕ್ಕೆ ಹೋಗೋರು ಕೇಳಿ: ಭಾನುವಾರದ ಪ್ರಶ್ನೋತ್ತರ

ಹಾಸನ ಗ್ಯಾರೇಜ್: ಎಲ್ಲರಿಗೂ ನಮಸ್ಕಾರ. ಇವತ್ತು ಅಂಗಡಿ ಬಾಗಿಲು ಹಾಕಿದೀನಿ, ಸಂಜೆವರೆಗೆ ಇಲ್ಲೇ ಇರ್ತೀನಿ. 100, 125, 150 ಸಿಸಿ ಓಡಿಸ್ತಾ ಇದ್ದು 350, 400ಕ್ಕೆ ಹೋಗೋ ಯೋಚನೆ ಇರೋರು ಕೇಳಿ. ಕೇಳುವಾಗ ನಾಲ್ಕು ವಿಷಯ ಬರೀರಿ: ನಿಮ್ಮ ಎತ್ತರ, ಈಗಿರೋ ಗಾಡಿ, ದಿನಕ್ಕೆ ಎಷ್ಟು ಕಿಲೋಮೀಟರ್, ಹಿಂದೆ ಯಾರು ಕೂರ್ತಾರೆ. ಇಷ್ಟು ಗೊತ್ತಿಲ್ಲದೆ ‘ಯಾವ ಬೈಕ್ ಬೆಸ್ಟ್’ ಅಂದ್ರೆ ನನ್ನ ಉತ್ತರ ನಿಮ್ಮ ಉಪಯೋಗಕ್ಕೆ ಬರಲ್ಲ.

ಪಿಜಿ ಹುಡುಗ ಬೆಂಗಳೂರು: ಅಣ್ಣಾ, 350 ಮೈಲೇಜ್ ಎಷ್ಟು ಕೊಡುತ್ತೆ?

ಹಾಸನ ಗ್ಯಾರೇಜ್: ಊರೊಳಗೆ 30, ಹೈವೇಲಿ 35ರ ಆಸುಪಾಸು. ನೂರು ಸಿಸಿ ಕೊಡ್ತಿದ್ದ 60ನ್ನ ಮರೆತುಬಿಡಿ.

ತುಮಕೂರು ಟೀಚರ್: ಸರ್, ನನ್ನ ಎತ್ತರ 5 ಅಡಿ 1 ಇಂಚು. ಆರು ವರ್ಷದಿಂದ ಶೈನ್ 125 ಓಡಿಸ್ತಿದೀನಿ. ಶಾಲೆಗೆ ಹೋಗಿಬರೋದು ದಿನಾ 44 ಕಿ.ಮೀ. ಹಿಂದೆ ಯಾರೂ ಕೂರಲ್ಲ. ರಾಯಲ್ ಎನ್‌ಫೀಲ್ಡ್ ಹಂಟರ್ ಅಥವಾ ಹೋಂಡಾ ಹೈನೆಸ್ ಮನಸ್ಸಲ್ಲಿದೆ, ತೂಕ ತಡೀತೀನಾ ಅನ್ನೋದೇ ಭಯ. ಒಂದು ಶೋರೂಮಲ್ಲಿ ‘ಮೇಡಂ, ನೀವು ಸ್ಕೂಟಿ ನೋಡಿ’ ಅಂತ ಹೇಳಿ ಕಳಿಸಿದ್ರು.

ಹಾಸನ ಗ್ಯಾರೇಜ್: ಅವರ ಮಾತು ಬಿಡಿ ಮೇಡಂ, ಆರು ವರ್ಷ ಗೇರ್ ಗಾಡಿ ಓಡಿಸಿದೋರು ನೀವು. ಸೀಟ್ ಎತ್ತರ ಹಂಟರ್‌ದು 790 ಮಿಲಿಮೀಟರ್, ಹೈನೆಸ್ 800, ಎನ್‌ಫೀಲ್ಡ್ ಕ್ಲಾಸಿಕ್ 805. ಕಾಗದದ ಮೇಲೆ ವ್ಯತ್ಯಾಸ ಬರೀ ಹದಿನೈದು ಮಿಲಿ. ಆದ್ರೆ ಸೀಟ್ ಅಗಲ ಇದ್ರೆ ತೊಡೆ ಹೊರಕ್ಕೆ ಹರಡಿ ನೆಲ ಇನ್ನೂ ದೂರ ಆಗುತ್ತೆ, ಅದು ಕೂತು ನೋಡಿದ್ರೆ ಮಾತ್ರ ಗೊತ್ತಾಗೋದು. ದಿನಾ ಹಾಕೋ ಚಪ್ಪಲೀನೋ ಶೂನೋ ಅದನ್ನೇ ಹಾಕ್ಕೊಂಡು ಹೋಗಿ. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ಊರಿದ್ರೆ ಸಾಕು, ಹಿಮ್ಮಡಿ ಊರಲೇಬೇಕು ಅಂತಿಲ್ಲ.

ತೂಕದ ವಿಷಯ. ಶೈನ್ ಸುಮಾರು 114 ಕೆಜಿ. ಹಂಟರ್, ಹೈನೆಸ್ ಎರಡೂ 181. ಕ್ಲಾಸಿಕ್ 195. ಗಾಡಿ ಓಡ್ತಾ ಇರುವಾಗ ಈ ತೂಕ ಗೊತ್ತೇ ಆಗಲ್ಲ. ಗೊತ್ತಾಗೋದು ಶಾಲೆ ಕಾಂಪೌಂಡಲ್ಲಿ, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ ಸಂಜೆ ಹಿಂದಕ್ಕೆ ಎಳೆಯುವಾಗ. ಶೋರೂಮ್ ಮುಂದೆ ಅದನ್ನೇ ಮಾಡಿ ನೋಡಿ: ಇಂಜಿನ್ ಆಫ್, ಗಾಡಿ ಪಕ್ಕ ನಿಂತು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಸಲೀಸಾದ್ರೆ ಬುಕ್ ಮಾಡಿ. ನನ್ನ ಓಟು ಹಂಟರ್‌ಗೆ.

ತುಮಕೂರು ಟೀಚರ್: ತುಂಬಾ ಥ್ಯಾಂಕ್ಸ್ ಸರ್. ನಾಳೆಯೇ ಹೋಗ್ತೀನಿ.

ಹುಬ್ಬಳ್ಳಿ ಪಲ್ಸರ್: ಅಣ್ಣಾರ, 5 ಅಡಿ 9 ಇಂಚ್ ಅದೇನ್ರಿ. ಪಲ್ಸರ್ 150, ಎಂಟ್ ವರ್ಷ ಆತು. ಟ್ರಯಂಫ್ ಸ್ಪೀಡ್ 400 ತಗೋಬೇಕಂತ ಮಾಡೇನಿ, ಮನ್ಯಾಗ ಕ್ಲಾಸಿಕ್ ತಗೋ ಅಂತಾರ. ರೇಟಿನ್ಯಾಗ ಭಾಳ ಫರಕ್ ಯಾಕ್ರೀ?

ಹಾಸನ ಗ್ಯಾರೇಜ್: ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಜಿಎಸ್‌ಟಿ ನೂರಕ್ಕೆ 18, ಅದು ಮೀರಿದ್ರೆ 40. ಕ್ಲಾಸಿಕ್ 349 ಸಿಸಿ, ಸ್ಪೀಡ್ 398. ಎರಡಕ್ಕೂ ಆನ್ ರೋಡ್ ಬೆಲೆ ಬರೆಸಿಕೊಂಡು ಬನ್ನಿ, ಎಕ್ಸ್ ಶೋರೂಮ್ ಬೆಲೆ ಹಿಡ್ಕೊಂಡು ಲೆಕ್ಕ ಹಾಕಬೇಡಿ. ಇನ್ನೊಂದು ಮಾತು: ಕ್ಲಾಸಿಕ್ ಸುಮಾರು 20 ಕುದುರೆ ಶಕ್ತಿ, ಸ್ಪೀಡ್ 400ಗೆ 40. ಮುಷ್ಟಿ ಸ್ವಲ್ಪ ತಿರುಗಿದ್ರೂ ಅದು ಎಲ್ಲಿರುತ್ತೋ ನಿಮ್ಮ ಪಲ್ಸರ್ ಕೈಗೆ ಗೊತ್ತಾಗಲ್ಲ. ತಗೊಳ್ಳೋದಾದ್ರೆ ಮೊದಲ ಎರಡು ತಿಂಗಳು ಒಬ್ಬರೇ ಓಡಿಸಿ.

ಹಳೇ ಯೆಜ್ಡಿ ಮೈಸೂರು: ಈಗಿನ ಹುಡುಗರಿಗೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ಎಬಿಎಸ್ ಬೇಕು, ಎಲ್ಲಾ ಬೇಕು. ನಮ್ಮ ಮೈಸೂರಲ್ಲೇ ಐಡಿಯಲ್ ಜಾವಾದೋರು 1961ರಿಂದ 1996ರವರೆಗೆ ಗಾಡಿ ಮಾಡಿದ್ರು. 250 ಸಿಸಿ ಯೆಜ್ಡೀಲಿ ಡ್ರಮ್ ಬ್ರೇಕ್ ಹಾಕ್ಕೊಂಡು ಊಟಿ ಹತ್ತಿ ಇಳಿದಿದೀನಿ, ಒಂದು ಸಲವೂ ಬಿದ್ದಿಲ್ಲ.

ಹುಬ್ಬಳ್ಳಿ ಪಲ್ಸರ್: ಕಾಕಾ, ಅವಾಗ ರೋಡಿನ್ಯಾಗ ಗಾಡಿ ಎಷ್ಟ್ ಇದ್ವು? ಈಗ ಹುಬ್ಬಳ್ಳಿ ಬೈಪಾಸಿಗೆ ಬಂದು ಡ್ರಮ್ ಬ್ರೇಕ್ ಹಿಡದ್ ತೋರಸ್ರಿ.

ಹಳೇ ಯೆಜ್ಡಿ ಮೈಸೂರು: ವಯಸ್ಸಿಗೆ ಮರ್ಯಾದೆ ಕೊಟ್ಟು ಮಾತಾಡಪ್ಪ.

ದಾವಣಗೆರೆ: ಇನ್ನೊಂದು ಗ್ರೂಪಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದೀನಿ: ದೊಡ್ಡ ಬೈಕಿಗೆ ಕಾರಿನ ಸಿಂಥೆಟಿಕ್ ಆಯಿಲ್ ಹಾಕಿದ್ರೆ ಇಂಜಿನ್ ಬೆಣ್ಣೆ ಥರ ಓಡುತ್ತೆ. ಪೆಟ್ರೋಲ್ ಟ್ಯಾಂಕಿಗೆ ನಾಲ್ಕು ಕರ್ಪೂರ ಹಾಕಿದ್ರೆ ಮೈಲೇಜ್ 10 ಜಾಸ್ತಿ. ಆಯಿಲ್ ಬದಲಿಸೋ ಮುಂಚೆ ಸೀಮೆಎಣ್ಣೆ ಹಾಕಿ ಇಂಜಿನ್ ತೊಳೀಬೇಕು.

ಹಾಸನ ಗ್ಯಾರೇಜ್: ಮೂರೂ ತಪ್ಪು. ದಯವಿಟ್ಟು ಇದನ್ನ ಮುಂದಕ್ಕೆ ಕಳಿಸಬೇಡಿ. ಕಾರಲ್ಲಿ ಕ್ಲಚ್ಚು ಇಂಜಿನ್ ಆಯಿಲ್‌ನಿಂದ ಹೊರಗಿರುತ್ತೆ. ಬೈಕಲ್ಲಿ ಕ್ಲಚ್ ಪ್ಲೇಟು ಅದೇ ಇಂಜಿನ್ ಆಯಿಲ್‌ನಲ್ಲಿ ಮುಳುಗಿರುತ್ತೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸೋ ಮಿಶ್ರಣ ಇರುತ್ತೆ, ಪ್ಲೇಟು ಕಚ್ಚಲ್ಲ, ರೇಸ್ ಕೊಟ್ರೆ ಸದ್ದು ಏರುತ್ತೆ, ಗಾಡಿ ಮುಂದೆ ಹೋಗಲ್ಲ. ಡಬ್ಬದ ಮೇಲೆ ಬೈಕ್ ಕ್ಲಚ್ಚಿಗೆ ಆಗುತ್ತೆ ಅನ್ನೋ ಗುರುತು, ಜೆಎಎಸ್ಒ (JASO) ಎಂಎ ಅಥವಾ ಎಂಎ2 ಅಂತ ಇರೋದು, ನಿಮ್ಮ ಗಾಡಿ ಪುಸ್ತಕದಲ್ಲಿ ಹೇಳಿರೋ ಗ್ರೇಡು, ಅಷ್ಟೇ ಹಾಕಿ. ಕರ್ಪೂರದಿಂದ ಮೈಲೇಜ್ ಬರಲ್ಲ, ಅದು ದೇವರ ಮುಂದೆ ಹಚ್ಚೋದಕ್ಕೆ. ಸೀಮೆಎಣ್ಣೆ ಎಷ್ಟೇ ಬಸಿದ್ರೂ ಒಳಗೆ ಉಳಿದು ಹೊಸ ಆಯಿಲನ್ನ ತೆಳು ಮಾಡುತ್ತೆ.

ದಾವಣಗೆರೆ: ನಾನು ಬಂದಿದ್ದನ್ನ ಹಾಕಿದೆ ಅಷ್ಟೇ. ಬೈಕಿಗೆ ಬೇರೆ ಆಯಿಲ್ ಅಂತ ಮಾರೋದು ಕಂಪನಿಯೋರ ವ್ಯಾಪಾರ ಅಂತಾನೂ ಹೇಳ್ತಾರೆ.

ಹಾಸನ ಗ್ಯಾರೇಜ್: ಹೋದ ತಿಂಗಳು ಒಬ್ಬರ ಕ್ಲಚ್ ಬಿಚ್ಚಿದೆ. ಐದೂ ಪ್ಲೇಟು ಬೂಂದಿ ಕರಿದ ಬಾಣಲೆ ತಳದಂಗೆ ಕಪ್ಪಾಗಿದ್ವು. ಅವರೂ ಹೀಗೇ ಬಂದಿದ್ದನ್ನ ಹಾಕಿದೋರು.

ಪುತ್ತೂರು: ಶಿರಾಡಿ ಘಾಟಿಯಲ್ಲಿ ರಾತ್ರಿ ಪಂಕ್ಚರ್ ಆದರೆ ಎಂಥ ಮಾಡುವುದು ಮಾರ್ರೆ? ಸ್ಪೋಕ್ ವೀಲ್ ಚಂದ ಉಂಟು, ಮನೆಯವರಿಗೆ ಅದೇ ಆಗಬೇಕಂತೆ.

ಹಾಸನ ಗ್ಯಾರೇಜ್: ಅಲಾಯ್ ಚಕ್ರ ತಗೊಳ್ಳಿ, ಅದಕ್ಕೆ ಟ್ಯೂಬ್‌ಲೆಸ್ ಟೈರು ಬರುತ್ತೆ, ಸ್ಪೋಕಿಗೆ ಸಾಮಾನ್ಯವಾಗಿ ಟ್ಯೂಬ್ ಟೈರು. ಟ್ಯೂಬ್ ಟೈರಿಗೆ ಮೊಳೆ ಚುಚ್ಚಿದ್ರೆ ಗಾಳಿ ಸರ್ರಂತ ಇಳಿಯುತ್ತೆ, ಚಕ್ರ ಬಿಚ್ಚಲೇಬೇಕು. ಟ್ಯೂಬ್‌ಲೆಸ್ ಆದ್ರೆ ಮೊಳೆ ಹಾಗೇ ಇದ್ದು ನಿಧಾನಕ್ಕೆ ಇಳಿಯುತ್ತೆ, ಗುಂಡ್ಯದಿಂದ ಸಕಲೇಶಪುರ ಮುಟ್ಟಬಹುದು. ಸೀಟ್ ಕೆಳಗೆ ತೂತು ಮುಚ್ಚೋ ಪ್ಲಗ್ ಕಿಟ್ ಇಡಿ.

ಕೋಲಾರ: ಮೈಲೇಜ್ ಎಷ್ಟು ಸರ್ 350?

ಹಾಸನ ಗ್ಯಾರೇಜ್: ಮೇಲೆ ಇದೆ.

ಮೂಡಿಗೆರೆ ರೈಟರ್: ನಮಸ್ಕಾರ ಸರ್. ನಾನು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಆಳು ಲೆಕ್ಕ ನೋಡಿಕೊಳ್ಳೋನು. ವಯಸ್ಸು 41, ಎತ್ತರ 5 ಅಡಿ 6. ಹನ್ನೆರಡು ವರ್ಷ ಸ್ಪ್ಲೆಂಡರ್ ಓಡಿಸಿದೀನಿ. ಐದು ವಾರದ ಹಿಂದೆ ಹೊಸ 350 ತಗೊಂಡೆ, ಎರಡೂ ಚಕ್ರಕ್ಕೆ ಎಬಿಎಸ್ ಇರೋದು. ಮೊನ್ನೆ ಸಂಜೆ ಹೆಂಡತೀನ ಕೂರಿಸಿಕೊಂಡು ಚಾರ್ಮಾಡಿ ಇಳಿಯುವಾಗ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗಿತು. ತಡೆಗೋಡೆಗೆ ಒಂದು ಮಾರು ಇತ್ತು ಅಷ್ಟೇ. ಇದು ಮೂರನೇ ಸಲ. ಶೋರೂಮಲ್ಲಿ ಎರಡು ಸಲ ನೋಡಿ ‘ಏನೂ ತೊಂದರೆ ಇಲ್ಲ’ ಅಂದ್ರು. ಎಬಿಎಸ್ ಇದ್ದೂ ಚಕ್ರ ಲಾಕ್ ಆಗುತ್ತಾ? ಇದನ್ನ ಮಾರಿ ಬೇರೆ 350 ತಗೊಳ್ಳೋದು ಒಳ್ಳೇದಾ?

ಪಿಜಿ ಹುಡುಗ ಬೆಂಗಳೂರು: ಎಬಿಎಸ್ ಸೆನ್ಸರ್ ಹೋಗಿದೆ. ಕನ್ಸ್ಯೂಮರ್ ಕೋರ್ಟಿಗೆ ಹಾಕಿ, ಬಿಡಬೇಡಿ.

ಹಳೇ ಯೆಜ್ಡಿ ಮೈಸೂರು: ಇದಕ್ಕೇ ಹೇಳಿದ್ದು ನಾನು, ಎಲೆಕ್ಟ್ರಾನಿಕ್ಸ್ ನಂಬಬಾರದು.

ಹಾಸನ ಗ್ಯಾರೇಜ್: ಒಂದು ನಿಮಿಷ, ಎಲ್ಲರೂ ಸುಮ್ಮನಿರಿ. ರೈಟರೇ, ಮೊದಲು ನಿಮಗೂ ಮನೆಯವರಿಗೂ ಪೆಟ್ಟಾಗಿಲ್ಲ ತಾನೇ? ಇಷ್ಟು ಹೇಳಿ. ಗಾಡಿ ಹೊರಟ ತಕ್ಷಣ ಮೀಟರಲ್ಲಿ ಎಬಿಎಸ್ ದೀಪ ಆರುತ್ತಾ? ಅಡ್ಡ ತಿರುಗಿದಾಗ ನಿಮ್ಮ ಬಲಗಾಲು ಬ್ರೇಕ್ ಮೇಲಿತ್ತಾ? ಮೂರು ಸಲವೂ ಯಾವ ಹೊತ್ತು? ಸ್ಪ್ಲೆಂಡರ್ ಮಾರಿದ್ರಾ, ಇನ್ನೂ ಇದೆಯಾ?

ಮೂಡಿಗೆರೆ ರೈಟರ್: ಪೆಟ್ಟಾಗಿಲ್ಲ ಸರ್, ಆದ್ರೆ ಅವಳು ಅವತ್ತಿಂದ ಹಿಂದೆ ಕೂರಲ್ಲ ಅಂತಿದಾಳೆ. ದೀಪ ಹತ್ತು ಅಡಿ ಹೋಗೋದ್ರೊಳಗೆ ಆರುತ್ತೆ. ಬ್ರೇಕ್ ಒತ್ತಿದ ನೆನಪಿಲ್ಲ, ಆಗ ತಿರುವು ಮುಗಿದು ಗೇರ್ ಏರಿಸ್ತಾ ಇದ್ದೆ. ಮೂರು ಸಲವೂ ಸಂಜೆ ಆರರ ಮೇಲೆ. ಸ್ಪ್ಲೆಂಡರ್ ಇದೆ, ಹಗಲೆಲ್ಲ ತೋಟದೊಳಗೆ ಅದರಲ್ಲೇ ಓಡಾಡೋದು.

ಹಾಸನ ಗ್ಯಾರೇಜ್: ಗೇರ್ ಏರಿಸ್ತಾ ಇದ್ದೆ ಅಂದ್ರಲ್ಲ, ಕಾಲು ಏನು ಮಾಡ್ತು ಅಂತ ಒಂದೊಂದೇ ಬರೀರಿ. ಅವಸರ ಬೇಡ.

ಮೂಡಿಗೆರೆ ರೈಟರ್: ಮೂರನೇ ಗೇರಲ್ಲಿದ್ದೆ, 45 ಇದ್ದಿರಬಹುದು. ನಾಲ್ಕಕ್ಕೆ ಹಾಕೋಣ ಅಂತ ಕ್ಲಚ್ ಹಿಡಿದು ಮುಂಗಾಲಲ್ಲಿ ಒತ್ತಿದೆ. ಕ್ಲಚ್ ಬಿಟ್ಟೆ, ಇಂಜಿನ್ ಕಿರುಚಿಕೊಂಡಿತು. ಗೇರ್ ಬಿದ್ದಿಲ್ಲ ಅಂತ ಇನ್ನೊಂದು ಸಲ ಒತ್ತಿದೆ. ಆಗ ಕಿರ್ರ್ ಅಂತ ಅಡ್ಡ ಹೋಯ್ತು.

ಹಾಸನ ಗ್ಯಾರೇಜ್: ರೈಟರೇ, ಇದನ್ನ ಸಮಾಧಾನವಾಗಿ ಓದಿ. ನಿಮ್ಮ ಗಾಡೀಲಿ ದೋಷ ಇಲ್ಲ ಅಂತ ನನ್ನ ಅಂದಾಜು. ದೋಷ ಇರೋದು ನಿಮ್ಮ ಎಡಗಾಲಲ್ಲಿ ಕೂತಿರೋ ಹನ್ನೆರಡು ವರ್ಷದ ರೂಢಿಯಲ್ಲಿ, ಅದು ನಿಮ್ಮ ತಪ್ಪೂ ಅಲ್ಲ.

ಸ್ಪ್ಲೆಂಡರಲ್ಲಿ ನಾಲ್ಕು ಗೇರೂ ಮುಂಗಾಲಲ್ಲಿ ಕೆಳಕ್ಕೆ ಒತ್ತೋದು. ಇಳಿಸೋಕೆ ಹಿಮ್ಮಡಿ. ನಿಮ್ಮ 350ಯಲ್ಲಿ ಒಂದನೇದು ಮಾತ್ರ ಕೆಳಕ್ಕೆ, ಮಿಕ್ಕ ನಾಲ್ಕೂ ಮೇಲಕ್ಕೆ. ಅಂದ್ರೆ ಸ್ಪ್ಲೆಂಡರಲ್ಲಿ ಗೇರ್ ಏರಿಸೋ ಒತ್ತು ಇಲ್ಲಿ ಗೇರ್ ಇಳಿಸುತ್ತೆ. ನೀವು ಮೂರರಿಂದ ನಾಲ್ಕಕ್ಕೆ ಅಂದುಕೊಂಡು ಒತ್ತಿದ್ದು ಎರಡಕ್ಕೆ ಬಿತ್ತು, ಅದಕ್ಕೇ ಇಂಜಿನ್ ಕಿರುಚಿದ್ದು. ಇಂಜಿನ್ ಕಿರುಚಿದ್ರೆ ಗೇರ್ ಏರಿಸಬೇಕು ಅಂತ ಕಾಲಿಗೆ ಗೊತ್ತು, ಕಾಲು ಮತ್ತೆ ಒತ್ತಿತು. 45ರಲ್ಲಿ, ಇಳಿಜಾರಲ್ಲಿ, ಒಂದನೇ ಗೇರಿಗೆ ಬಿದ್ದು ಕ್ಲಚ್ ಬಿಟ್ರೆ ಇಂಜಿನ್ನೇ ಹಿಂದಿನ ಚಕ್ರವನ್ನ ಹಿಡಿದು ನಿಲ್ಲಿಸುತ್ತೆ.

ಎಬಿಎಸ್ ಯಾಕೆ ಉಳಿಸಲಿಲ್ಲ ಅಂತ ಕೇಳಿದ್ರಿ. ಎಬಿಎಸ್ ನೋಡಿಕೊಳ್ಳೋದು ಬ್ರೇಕಿನ ಪೈಪಲ್ಲಿರೋ ಆಯಿಲ್ ಒತ್ತಡವನ್ನ. ಚಕ್ರ ಲಾಕ್ ಆಗ್ತಿದೆ ಅನಿಸಿದ್ರೆ ಆ ಒತ್ತಡ ಸಡಿಲ ಬಿಟ್ಟು ಮತ್ತೆ ಹಿಡಿಯುತ್ತೆ. ಇಲ್ಲಿ ಚಕ್ರ ಹಿಡಿದಿದ್ದು ಬ್ರೇಕಲ್ಲ, ಚೈನ್ ಮೂಲಕ ಬಂದ ಇಂಜಿನ್ನಿನ ಬಿಗಿ. ಅದನ್ನ ಸಡಿಲ ಮಾಡೋ ದಾರಿ ಎಬಿಎಸ್‌ಗೆ ಇಲ್ಲ. ಗೇರ್ ಇಳಿಸಿದಾಗ ತಾನೇ ಸ್ವಲ್ಪ ಜಾರೋ ಸ್ಲಿಪ್ಪರ್ ಕ್ಲಚ್ ಇರೋ ಗಾಡೀಲಿ ಈ ಹೊಡೆತ ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ. ಬೇರೆ 350 ತಗೊಂಡ್ರೂ ಗೇರ್ ಪದ್ಧತಿ ಇದೇ. ಹಾಗಾಗಿ ಮಾರಬೇಡಿ.

ಸಂಜೆಯೇ ಯಾಕೆ ಅಂದ್ರೆ, ಹಗಲೆಲ್ಲ ಸ್ಪ್ಲೆಂಡರ್ ತುಳಿದ ಕಾಲು ಅದು.

ಈಗಲೇ ಒಂದು ಪರೀಕ್ಷೆ. ತೋಟದ ಸಮತಟ್ಟಾದ ಒಣ ರಸ್ತೆ, ಒಬ್ಬರೇ, ಹೆಲ್ಮೆಟ್ ಹಾಕಿ. ಎರಡನೇ ಗೇರಲ್ಲಿ 20ರಲ್ಲಿ ಹೋಗ್ತಾ ಮುಂಗಾಲಲ್ಲಿ ಒಂದೇ ಒಂದು ಸಲ ಒತ್ತಿ, ಕ್ಲಚ್ ನಿಧಾನಕ್ಕೆ ಬಿಡಿ. ಏನಾಗುತ್ತೆ ಬರೀರಿ.

ಹುಬ್ಬಳ್ಳಿ ಪಲ್ಸರ್: ಹನ್ನೆರಡ್ ವರ್ಷ ಗಾಡಿ ಹೊಡದವ್ರಿಗೆ ಗೇರ್ ಗೊತ್ತಿಲ್ಲೇನ್ರೀ? ಸಾಧ್ಯನ ಇಲ್ಲ.

ಹಳೇ ಯೆಜ್ಡಿ ಮೈಸೂರು: ಸಾಧ್ಯ ಇದೆ ಕಣಪ್ಪ. ಹಳೇ ಬುಲೆಟ್ಟಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇತ್ತು. ಯೆಜ್ಡಿಯಿಂದ ಇಳಿದು ಸ್ನೇಹಿತನ ಬುಲೆಟ್ ಹತ್ತಿ, ಬ್ರೇಕ್ ಅಂತ ಗೇರ್ ತುಳಿದಿದೀನಿ. ಇದು ನಿನಗೆ ಗೊತ್ತಿರಲ್ಲ.

ಹುಬ್ಬಳ್ಳಿ ಪಲ್ಸರ್: ಒಂದ್ ಸಲನೂ ಬಿದ್ದಿಲ್ಲ ಅಂತ ಮುಂಜಾನೆ ಹೇಳಿದ್ರಿ.

ಹಳೇ ಯೆಜ್ಡಿ ಮೈಸೂರು: ತುಳಿದೆ ಅಂದೆ, ಬಿದ್ದೆ ಅನ್ನಲಿಲ್ಲ. ಓದೋಕೆ ಬರುತ್ತಾ?

ಹಾಸನ ಗ್ಯಾರೇಜ್: ಇಬ್ಬರೂ ಬೇರೆ ಕಡೆ ಹೋಗಿ ಜಗಳ ಆಡಿ. ಯೆಜ್ಡಿ ಸಾರ್ ಬುಲೆಟ್ ವಿಷಯ ಹೇಳಿದ್ದು ಸರಿ. ಎಬಿಎಸ್ ಬೇಡ ಅಂದಿದ್ದು ಸರಿಯಲ್ಲ. 60ರಲ್ಲಿ ನಿಲ್ಲೋದಕ್ಕಿಂತ 90ರಲ್ಲಿ ನಿಲ್ಲೋಕೆ ಎರಡೂಕಾಲು ಪಟ್ಟು ದೂರ ಬೇಕು. ಸಣ್ಣ ಗಾಡೀಲಿ ಹಿಂದಿನ ಬ್ರೇಕ್ ಒಂದನ್ನೇ ತುಳಿದು ರೂಢಿಯಾದೋರು ದೊಡ್ಡ ಗಾಡೀಲೂ ಅದನ್ನೇ ಮಾಡ್ತಾರೆ. ಬ್ರೇಕ್ ಹಿಡಿದಾಗ ತೂಕವೆಲ್ಲ ಮುಂದಕ್ಕೆ ಬರುತ್ತೆ, ನಿಲ್ಲಿಸೋದು ಮುಂದಿನ ಡಿಸ್ಕು.

ಶಿವಮೊಗ್ಗ: ಲೋನ್ ಬಡ್ಡಿ ಎಲ್ಲಿ ಕಮ್ಮಿ ಇದೆ ಯಾರಾದ್ರೂ ಹೇಳಿ. ಆಗುಂಬೆ ಕಡೆ ದಿನಾ ಓಡಾಡ್ತೀನಿ, ಹಿಮಾಲಯನ್ 450 ಅತಿಯಾಯ್ತಾ?

ಬಳ್ಳಾರಿ: 350 ಮೈಲೇಜ್?

ಹಾಸನ ಗ್ಯಾರೇಜ್: 30ರಿಂದ 35. ಇನ್ನು ಮೇಲೆ ಮೈಲೇಜ್ ಕೇಳಿದೋರಿಗೆ ಉತ್ತರ ಇಲ್ಲ.

ದಾವಣಗೆರೆ: ಚೈನಿಗೆ ಕೊಬ್ಬರಿ ಎಣ್ಣೆ ಹಾಕಬಹುದಾ? ಅದೂ ಬಂದಿತ್ತು.

ಹಾಸನ ಗ್ಯಾರೇಜ್: ಬೇಡ. ಧೂಳು ಅಂಟುತ್ತೆ. ಚೈನ್ ಲ್ಯೂಬ್ ಹಾಕಿ. ಪೆಟ್ರೋಲಲ್ಲೂ ತೊಳೀಬೇಡಿ, ಒಳಗಿನ ರಬ್ಬರ್ ರಿಂಗು ಹಾಳಾಗುತ್ತೆ. ನಿಮಗೆ ಬರೋದನ್ನೆಲ್ಲ ಇಲ್ಲಿಗೆ ಸುರೀಬೇಡಿ ಸ್ವಾಮಿ.

ದಾವಣಗೆರೆ: ಕೇಳಿದ್ದಕ್ಕೆ ಹೀಗೆ ಮಾತಾಡಿದ್ರೆ ಹೇಗೆ? ಗ್ರೂಪ್ ಬಿಡ್ತೀನಿ.

ಮೂಡಿಗೆರೆ ರೈಟರ್: ಸರ್, ನೋಡಿದೆ. ಕಾಫಿ ಒಣಗಿಸೋ ಡ್ರೈಯಿಂಗ್ ಯಾರ್ಡ್ ಪಕ್ಕದ ರಸ್ತೇಲಿ 20ರಲ್ಲಿ ಹೋಗ್ತಾ ಒತ್ತಿದೆ. ಗಾಡಿ ಮುಗ್ಗರಿಸಿದಂಗೆ ಆಯ್ತು, ಅದೇ ಸದ್ದು ಸಣ್ಣದಾಗಿ ಬಂತು. ಹೆಂಡತಿ ಜಗಲಿ ಮೇಲಿಂದ ಕೇಳಿಸಿಕೊಂಡು ‘ಅವತ್ತಿನ ಸದ್ದು ಇದೇ’ ಅಂದ್ಲು. ಗಾಡಿ ಕೊಟ್ಟ ದಿನ ಶೋರೂಮಲ್ಲಿ ಗೇರ್ ಹೇಳಿಕೊಟ್ಟಿದ್ರು, ನನಗೂ ಗೊತ್ತಿತ್ತು. ಗೊತ್ತಿದ್ದೂ ಹೀಗಾಯ್ತಲ್ಲ ಸರ್.

ಹಾಸನ ಗ್ಯಾರೇಜ್: ತಲೆಗೆ ಗೊತ್ತಿರುತ್ತೆ, ಕಾಲಿಗೆ ಗೊತ್ತಾಗೋಕೆ ದಿನ ಬೇಕು. ಈ ತಿಂಗಳು ಸ್ಪ್ಲೆಂಡರ್ ಮುಟ್ಟಲೇಬೇಡಿ, ಕೀಲಿ ಬೇರೆಯವರಿಗೆ ಕೊಟ್ಟುಬಿಡಿ. ತೋಟದೊಳಗೂ 350ಯಲ್ಲೇ ಓಡಾಡಿ. ಗೇರ್ ಹಾಕುವಾಗ ಬಾಯಿಬಿಟ್ಟು ಹೇಳಿ, ‘ಮೇಲಕ್ಕೆ ಮೂರು, ಮೇಲಕ್ಕೆ ನಾಲ್ಕು’ ಅಂತ. ನಿಮ್ಮ ಗಾಡೀಲಿ ಹಿಮ್ಮಡೀಲಿ ಒತ್ತೋ ಗೇರ್ ಪಟ್ಟಿ ಇದ್ರೆ ಏರಿಸೋಕೆ ಅದನ್ನ ಬಳಸಬೇಡಿ, ಬೂಟಿನ ಮೇಲ್ಭಾಗದಿಂದ ಎತ್ತೋದನ್ನೇ ರೂಢಿ ಮಾಡಿ. ಇಂಜಿನ್ ಕಿರುಚಿದ್ರೆ ಕಾಲು ಮುಟ್ಟಿಸಬೇಡಿ, ಮೊದಲು ಕೈ ಕ್ಲಚ್ ಹಿಡೀಲಿ.

ಘಾಟಿ ಸದ್ಯಕ್ಕೆ ಬೇಡ. ನಾನು ನೋಡೋವರೆಗೆ ಹಿಂದೆ ಯಾರನ್ನೂ ಕೂರಿಸಬೇಡಿ. ಮೂರು ಸಲ ಉಜ್ಜಿದೆ ಅಂದ್ರೆ ಹಿಂದಿನ ಟೈರು ಒಂದು ಕಡೆ ಚಪ್ಪಟೆ ಸವೆದಿರಬಹುದು, ಸೆಂಟರ್ ಸ್ಟ್ಯಾಂಡ್ ಹಾಕಿ ಕೈಯಲ್ಲಿ ತಿರುಗಿಸ್ತಾ ಸವರಿ ನೋಡಿ. ಚೈನೂ ಎಳೆದಿರುತ್ತೆ. ಬುಧವಾರ ಹಾಸನಕ್ಕೆ ನನ್ನ ಅಂಗಡಿಗೆ ಬನ್ನಿ. ಬಸ್ಸಲ್ಲಿ ಬರಬೇಡಿ, ಗಾಡೀಲೇ ಬನ್ನಿ, ಬೇಲೂರು ರಸ್ತೇಲಿ ನಿಧಾನಕ್ಕೆ. ನಾನು ಹಿಂದೆ ಕೂತು ನಿಮ್ಮ ಕಾಲು ನೋಡ್ತೀನಿ.

ಮೂಡಿಗೆರೆ ರೈಟರ್: ಬರ್ತೀನಿ ಸರ್. ಕೀಲಿ ಈಗಷ್ಟೇ ತಮ್ಮನ ಕೈಗೆ ಕೊಟ್ಟೆ.