ರಿಯಾಕ್ಟರ್‌ದಾಗ ಸಿಡಿಯೋದು ಯುರೇನಿಯಮ್ಮೋ, ಹೈಡ್ರೋಜನ್ನೋ, ಹಬೆಯೋ?

ಶಹಾಪುರದಂವ: ನಮ್ಮ ಗೋಗಿ ಯುರೇನಿಯಂ ಮಾತು ಬಂದ್ರ ಸಾಕು, ಇದು ರಿಯಾಕ್ಟರ್‌ದಾಗ ಬಾಂಬಿನಂಗ ಸಿಡೀತದ ಅಂತಾರ. 2011ರಾಗ ಜಪಾನಿನ ಫುಕುಶಿಮಾ ಅಣು ವಿದ್ಯುತ್ ಸ್ಥಾವರದಾಗ ಸಿಡಿದದ್ದು ಯುರೇನಿಯಮ್ಮೇ ಹೌದಲ್ರಿ?

ಕಲಬುರಗಿ ರಸಾಯನ: ಅಲ್ರಿ ಅಣ್ಣಾ. ಬಾಂಬಿಗೆ ಯುರೇನಿಯಂ-235 (ಸುಲಭಕ್ಕ ಒಡಿಯೋ ಯುರೇನಿಯಂ ಜಾತಿ) ಸುಮಾರು 90% ಬೇಕು. ನೆಲದಾಗ ಸಿಗೋದ್ರಾಗ ಅದು 0.7%, ಫುಕುಶಿಮಾದ ಇಂಧನದಾಗ 5%ಕ್ಕಿಂತ ಕಡಿಮಿ. ಸಿಡಿದದ್ದು ಹೈಡ್ರೋಜನ್. ಯುರೇನಿಯಂ ಪರಮಾಣು ಒಂದರ ಹಿಂದೊಂದು ಒಡಿಯೋ ಸರಪಳಿ ಕ್ರಿಯೆ ನಿಂತ ಕ್ಷಣಕ್ಕೂ ಪೂರ್ತಿ ಶಕ್ತಿಯ 6-7% ಶಾಖ ಬರ್ತಾನೇ ಇರ್ತದ. ಸುನಾಮಿಗೆ ಜನರೇಟರ್ ಮುಳುಗಿ ತಂಪು ಮಾಡೋದು ನಿಂತ ಮ್ಯಾಲೆ ನೀರು ಕುದ್ದು ಇಳೀತು, ಇಂಧನ ತುಂಬಿದ ಕೊಳವಿ ನೀರಿನಿಂದ ಬಯಲಾದ್ವು. ಕೊಳವಿ ಜಿರ್ಕೋನಿಯಂ ಮಿಶ್ರಲೋಹದ್ದು. 1200 ಡಿಗ್ರಿ ಹತ್ರ ಬಂತಂದ್ರ ಹಬೆಯೊಳಗಿನ ಆಮ್ಲಜನಕ ಜಗ್ಗಿಕೊಂಡು ಹೈಡ್ರೋಜನ್ ಬಿಡ್ತದ. 1 ಕಿಲೋ ಲೋಹಕ್ಕ ಸುಮಾರು 44 ಗ್ರಾಂ, ಅಂದ್ರ ಅರ್ಧ ಘನ ಮೀಟರ್ ಅನಿಲ. ಆ ಕ್ರಿಯೆಯಿಂದನೂ ಶಾಖ ಹುಟ್ಟತದ, ಅದಕ್ಕ ಒಮ್ಮೆ ಹತ್ತಿದ್ರ ಜೋರಾಗ್ತಾನೇ ಹೋಗ್ತದ.

ಸೇಡಂ ಬಾಯ್ಲರ್: ಹೈಡ್ರೋಜನ್ ಒಂದೇ ಇದ್ರ ಸಿಡಿಯಂಗಿಲ್ಲ ಸರ, ಗಾಳಿ ಬೇಕು. ಗಾಳ್ಯಾಗ 4% ದಾಟಿದ್ರ ಹತ್ತಿಕೊಳ್ತದ, 18%ರ ಮ್ಯಾಲೆ ಗ್ವಾಡಿ ಕಿತ್ತೊಗಿಯೋ ಸ್ಫೋಟ ಆಗಬಹುದು. ಫುಕುಶಿಮಾದಾಗ ಕಂಟೇನ್‌ಮೆಂಟ್ (ರಿಯಾಕ್ಟರ್ ಸುತ್ತಲಿನ ಗಟ್ಟಿ ಕವಚ) ಒಳಗ ನೈಟ್ರೋಜನ್ ತುಂಬಿದ್ರು, ಅದಕ್ಕ ಒಳಗ ಸಿಡೀಲಿಲ್ಲ. ಒತ್ತಡ ಏರಿ ಅನಿಲ ಹೊರಗ ಸೋರಿ ಕಟ್ಟಡದಾಗ ಕೂಡ್ತು. ಮಾರ್ಚ್ 12ಕ್ಕ 1ನೇ ಘಟಕ, 14ಕ್ಕ 3ನೇದು ಹಾರಿದ್ವು.

ಬೀದರ್ ಭೌತಶಾಸ್ತ್ರ: ಎಲ್ಲಾದಕ್ಕೂ ಹೈಡ್ರೋಜನ್ ಅಂದ್ರ ತಪ್ಪಾಗ್ತದ್ರಿ. 1986ರಾಗ ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರದಾಗ ರಿಯಾಕ್ಟರ್ ಬಂದ್ ಆಗಿರಲೇ ಇಲ್ಲ. ಬಂದ್ ಮಾಡಾಕ ಇಳಿಸಿದ ಕಂಟ್ರೋಲ್ ರಾಡಿನ (ಸರಪಳಿ ಕ್ರಿಯೆ ತಡಿಯೋ ಸರಳು) ಕೆಳಗ ಗ್ರಾಫೈಟ್ ಇತ್ತು. ಅದು ತಳದ ನೀರನ್ನ ಸರಿಸಿ ಅಲ್ಲಿ ಕ್ರಿಯೆ ಹೆಚ್ಚಿಸ್ತು. ನೀರು ಹಬೆ ಆದಂಗ ಶಕ್ತಿ ಏರೋದು ಆ ವಿನ್ಯಾಸದ ದೋಷ. ಸೆಕೆಂಡುಗಳೊಳಗ ಇಂಧನ ಚೂರಾಗಿ ನೀರಿಗೆ ಬಿತ್ತು. ಗಟ್ಟಿ ಇದ್ದಾಗ ಶಾಖ ನಿಧಾನ ಹೊರಗ ಬರ್ತದ, ಪುಡಿ ಆದ್ರ ಕಣ ಕಣಕ್ಕೂ ನೀರು ತಾಗಿ ಒಮ್ಮೆಲೇ ಹಬೆ. ಸುಮಾರು 2,000 ಟನ್ನಿನ ಮುಚ್ಚಳ ಎದ್ದು ಹೋತು. ಅದರ ಹಿಂದ ಆದ ಎರಡನೇ ಸ್ಫೋಟ ಯಾತರದ್ದು ಅನ್ನೋದಕ್ಕ ತಜ್ಞರೊಳಗ ಇನ್ನೂ ವಾದ ಅದ.

ಕಲಬುರಗಿ ರಸಾಯನ: ಒಪ್ಪತೀನ್ರಿ ಅಕ್ಕಾ, ಅದು ಬ್ಯಾರೆ ಜಾತಿ. ಆದ್ರ ಹೈಡ್ರೋಜನ್ನಿಗೆ ಮದ್ದು ಅದ: ಪ್ಲಾಟಿನಂ, ಪಲ್ಲೇಡಿಯಂ ಲೇಪದ ರಿಕಂಬೈನರ್. ಕರೆಂಟ್ ಬ್ಯಾಡ, ಹೈಡ್ರೋಜನ್ನನ್ನ ಆಮ್ಲಜನಕದ ಜೋಡಿ ಸೇರಿಸಿ ನೀರು ಮಾಡ್ತದ.

ಸೇಡಂ ಬಾಯ್ಲರ್: ಅದರ ವೇಗ ಕಡಿಮಿ ಸರ, ಒಮ್ಮೆಲೇ ಬಂದ್ರ ತಡಿಯಂಗಿಲ್ಲ. ಅನಿಲ ಹೊರಗ ಬಿಡೋ ಕೊಳವಿ ಜೋಡಣೆನೇ ನೆಟ್ಟಗಿರಬೇಕು. ಫುಕುಶಿಮಾದ 4ನೇ ಘಟಕದ ರಿಯಾಕ್ಟರ್‌ದಾಗ ಇಂಧನನೇ ಇರಲಿಲ್ಲ, ಆದ್ರೂ ಮಾರ್ಚ್ 15ಕ್ಕ ಅದರ ಕಟ್ಟಡ ಸಿಡೀತು. 3 ಮತ್ತು 4ಕ್ಕ ಚಿಮಣಿ ಒಂದೇ. 3ರಿಂದ ಬಿಟ್ಟ ಅನಿಲ ಕೊಳವಿಯೊಳಗ ತಿರುಗಿ 4ಕ್ಕ ನುಗ್ಗಿತ್ತು. ಆಮ್ಯಾಲೆ 4ರ ಫಿಲ್ಟರ್ ಅಳೆದಾಗ ಚಿಮಣಿ ಕಡಿ ಇದ್ದವುಗಳಲ್ಲೇ ವಿಕಿರಣ ಹೆಚ್ಚು ಸಿಕ್ತು. ಗಾಳಿ ಉಲ್ಟಾ ಬಂದದ್ದು ಅದರಿಂದ ಗೊತ್ತಾತು.